ಗಿಡ ಹತ್ತಲು ಯಾವ ಹಗ್ಗ: ₹75,100ರ ಒಂದು ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಬಜಾರಿಗೆ ಹೋದರೂ ಪ್ಲಾಸ್ಟಿಕ್ ಹಗ್ಗ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. 12 ಮಿಲಿಮೀಟರ್ ದಪ್ಪದ ಪಾಲಿಪ್ರೊಪಿಲೀನ್ ಹಗ್ಗ ಮೀಟರಿಗೆ ಸುಮಾರು 65 ಗ್ರಾಂ ತೂಗುತ್ತದೆ. 45 ಮೀಟರ್ ಅಂದರೆ 3 ಕಿಲೋಗೆ ತುಸು ಕಡಿಮೆ. ಕಿಲೋಗೆ ₹240 ಹಿಡಿದರೆ ₹700ಕ್ಕೆ ಕೆಲಸ ಮುಗಿಯಿತು. ಆಳು ಜೋತುಬಿದ್ದು ದುಡಿಯುವುದಕ್ಕೆಂದೇ ನೇಯ್ದ, ಪ್ರಮಾಣಪತ್ರ ಇರುವ 11 ಮಿ.ಮೀ. ಹಗ್ಗ ಮಾರಾಟವಾಗುವುದು ಮೀಟರ್ ಲೆಕ್ಕದಲ್ಲಿ. ಮೀಟರಿಗೆ ₹150 ಎಂದರೂ ಅಷ್ಟೇ ಉದ್ದಕ್ಕೆ ₹6,750. ಹತ್ತಿರ ಹತ್ತಿರ ಹತ್ತು ಪಟ್ಟು.

ಟೊಂಗೆ ಸವರುವ ಕೆಲಸ ಕಲಿಯಲು ಹೊರಟ ಹುಡುಗನ ಕಣ್ಣಿಗೆ ಮೊದಲು ಬೀಳುವುದು ಈ ಅಂತರ. ಇಷ್ಟು ಅಂತರ ಯಾಕೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕುವುದು ದಂಡ ಎಂಬುದನ್ನು ಅಂಕಿ ಹಿಡಿದೇ ನೋಡೋಣ. ಮುಂದೆ ಬರುವ ದರಗಳೆಲ್ಲ ತೆರಿಗೆ ಸೇರಿಸಿ ಲೆಕ್ಕಕ್ಕೆ ಹಿಡಿದ ಅಂದಾಜು ದರಗಳು. ಕೊಳ್ಳುವಾಗ ಅಂಗಡಿಯ ಚೀಟಿ ನೋಡಿ ಅಂಕಿ ತಿದ್ದಿಕೊಳ್ಳಿ. ಲೆಕ್ಕ ಹಾಕುವ ರೀತಿ ಇದೇ.

ಮೊದಲು ಹಗ್ಗದ ಬಲ. ಬಜಾರಿನ 12 ಮಿ.ಮೀ. ಹಗ್ಗ ಹೊಸದಿದ್ದಾಗ ಸುಮಾರು 2,000 ಕಿಲೋ ಭಾರಕ್ಕೆ ಹರಿಯುತ್ತದೆ. ಯುರೋಪಿನ ಇಎನ್ 1891 ಮಾನದಂಡದ ‘ಎ’ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,240 ಕಿಲೋ ತಡೆಯಬೇಕು. ಕಾಗದದ ಮೇಲೆ ಎರಡೂ ಅಕ್ಕಪಕ್ಕವೇ. ಹಾಗಾದರೆ ಹತ್ತು ಪಟ್ಟು ದುಡ್ಡು ಯಾವುದಕ್ಕೆ? ಮೂರು ಸಂಗತಿಗೆ. ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಸೊರಗುತ್ತದೆ. ವಿಜಯಪುರ ಜಿಲ್ಲೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಎರಡನೆಯದು, ಅದು ಸುಮಾರು 165 ಡಿಗ್ರಿಗೇ ಕರಗುತ್ತದೆ. ಪಾಲಿಯೆಸ್ಟರ್ ಕರಗಲು 250 ಡಿಗ್ರಿಯ ಮೇಲಾಗಬೇಕು. ಮೂರನೆಯದು ಹೆಚ್ಚು ಮುಖ್ಯ: ಅದರ ಮೈ ನುಣುಪು, ಹುರಿ ಬಿರುಸು, ಗಂಟು ನಿಲ್ಲುವುದಿಲ್ಲ. ಗಿಡ ಹತ್ತುವವನ ಜೀವ ನಿಂತಿರುವುದು ಗಂಟಿನ ಮೇಲೆ. ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ, ಹೀಗೆ ಎರಡು ಪದರವಾಗಿ ನೇಯ್ದ ಹಗ್ಗದಲ್ಲಿ ಟೊಂಗೆಗೆ ಉಜ್ಜಿ ಸವೆಯುವುದು ಕವಚ. ಭಾರದ ಬಹುಪಾಲು ಹೊರುವುದು ತಿರುಳು. ಸವೆತ ಕಣ್ಣಿಗೆ ಕಾಣುತ್ತದೆ, ಕಂಡಾಗ ಹಗ್ಗ ಬದಲಿಸಬಹುದು.

ಪಕ್ಕದ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಬಂಡೆ ಹತ್ತುವವರ ಹಗ್ಗ ನೋಡಿದವರು ಅದನ್ನೇ ತರುವ ಮನಸ್ಸು ಮಾಡಬಹುದು. ಅದು ಬೇರೆ ಜಾತಿ. ಬಿದ್ದವನನ್ನು ಮೆತ್ತಗೆ ತಡೆಯಲು ಹಿಗ್ಗುವ ಹಗ್ಗ ಅದು. 80 ಕಿಲೋ ತೂಕ ಜೋತುಬಿದ್ದರೆ ನೂರಕ್ಕೆ ಹತ್ತರವರೆಗೆ ಹಿಗ್ಗಲು ಅದರ ಮಾನದಂಡದಲ್ಲಿ ಅವಕಾಶವಿದೆ. 12 ಮೀಟರ್ ಹಗ್ಗ 1.2 ಮೀಟರ್ ಹಿಗ್ಗಿದರೆ ಗರಗಸ ಹಿಡಿದವನಿಗೆ ಟೊಂಗೆಯ ಮುಂದೆ ನಿಲ್ಲುವುದೇ ಆಗದು. ಗಿಡಕ್ಕೆ ಬೇಕಾದದ್ದು ಕಡಿಮೆ ಹಿಗ್ಗುವ ಹಗ್ಗ. ಇಎನ್ 1891ರಲ್ಲಿ ಹಿಗ್ಗುವಿಕೆಯ ಮಿತಿ ನೂರಕ್ಕೆ ಐದು. ಆದರೆ ಕಡಿಮೆ ಹಿಗ್ಗುವ ಹಗ್ಗದ ಮೇಲೆ ಬೀಳುವಂತಿಲ್ಲ. ಹಗ್ಗ ಸದಾ ಬಿಗಿಯಾಗಿರಬೇಕು, ನಡುವೆ ಸಡಿಲ ಬಿಡಬಾರದು.

ಇನ್ನು ಗಿಡಗಳು. ಸುಮಾರು 10.5 ಲಕ್ಷ ಹೆಕ್ಟೇರಿನ ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ನೂರಕ್ಕೆ ಒಂದಕ್ಕಿಂತ ಎಷ್ಟೋ ಕಡಿಮೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ದೊಡ್ಡ ಗಿಡ ಅಂದರೆ ಹೊಲದ ಬದುವಿನ ಬೇವು, ಊರ ಮುಂದಿನ ಆಲ, ಅರಳಿ, ರಸ್ತೆ ಬದಿಯ ಹುಣಸೆ, ಗುಡಿಯಂಗಳದ ಬನ್ನಿ, ಶಾಲೆಯಂಗಳದ ಗುಲ್‌ಮೊಹರ್, ಮಳೆಮರ. ಆಲಮಟ್ಟಿ ಸುತ್ತ ಕೃಷ್ಣಾ ಭಾಗ್ಯ ಜಲ ನಿಗಮ ಬೆಳೆಸಿದ ನೆಡುತೋಪುಗಳಿವೆ. 2016ರ ನಂತರದ ಕೋಟಿ ವೃಕ್ಷ ಅಭಿಯಾನದಲ್ಲಿ ನೆಟ್ಟ ಸಸಿಗಳು ಈಗ ಸವರುವ ವಯಸ್ಸಿಗೆ ಬರುತ್ತಿವೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಲಿಂಬೆ ತೋಟಕ್ಕೆ ಹಗ್ಗ ಬೇಡ, ನಿಚ್ಚಣಿಕೆ ಸಾಕು. ತೋಟದ ಬದುವಿನ ಬೇವಿಗೆ ಬೇಕು. ಗಿಡವೇ ಕಡಿಮೆ ಇರುವ ಸೀಮೆಯಲ್ಲಿ ಒಂದು ಟೊಂಗೆ ತಂತಿಗೆ ತಾಗಿತು, ಮಾಳಿಗೆ ಮೇಲೆ ವಾಲಿತು ಎಂದು ಐವತ್ತು ವರ್ಷದ ಬೇವನ್ನೇ ಬುಡಸಹಿತ ಉರುಳಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೇಲೆ ಹತ್ತಿ ಆ ಒಂದು ಟೊಂಗೆಯನ್ನಷ್ಟೇ ಸರಿಯಾಗಿ ತೆಗೆಯುವ ಕೈ ಊರಲ್ಲಿಲ್ಲ. ಅದಕ್ಕೇ ಇಡೀ ಗಿಡ ಹೋಗುತ್ತದೆ.

ಇಲ್ಲಿನ ಬೇವು, ಹುಣಸೆಗಳಲ್ಲಿ ಹಗ್ಗ ಹಾಕಲು ಯೋಗ್ಯವಾದ ಗಟ್ಟಿ ಕವಲು 8ರಿಂದ 15 ಮೀಟರ್ ಎತ್ತರದಲ್ಲಿ ಸಿಗುತ್ತದೆ. ಹಗ್ಗದ ಉದ್ದ ಇದರ ಮೇಲೆ ನಿಲ್ಲುತ್ತದೆ, ಜೊತೆಗೆ ಹತ್ತುವ ಪದ್ಧತಿಯ ಮೇಲೂ.

ಪದ್ಧತಿ ಎರಡು. ಒಂದರಲ್ಲಿ ಹಗ್ಗ ಚಲಿಸುತ್ತದೆ. ಹಗ್ಗದ ಒಂದು ತುದಿ ಹತ್ತುವವನ ಸೊಂಟಪಟ್ಟಿಗೆ, ಅಂದರೆ ಹಾರ್ನೆಸ್ಸಿಗೆ ಕಟ್ಟಿರುತ್ತದೆ. ಅದು ಮೇಲಿನ ಕವಲು ಬಳಸಿ ಮತ್ತೆ ಕೆಳಗೆ ಅವನ ಬಳಿಗೇ ಬರುತ್ತದೆ. ಅಲ್ಲಿ ಅದರ ಮೇಲೆ, ಗಂಟಿಗೆಂದೇ ಇರುವ ತುಂಡು ಹಗ್ಗದಿಂದ ಕಟ್ಟಿದ ಒಂದು ಹಿಡಿಗಂಟು. ಭಾರ ಬಿದ್ದರೆ ಹಗ್ಗವನ್ನು ಕಚ್ಚುತ್ತದೆ, ಬೆರಳಿನಿಂದ ಕೆಳಗೆ ಒತ್ತಿದರೆ ಬಿಡುತ್ತದೆ. ಹಗ್ಗ ಜಗ್ಗಿದಂತೆಲ್ಲ ಆಳು ಏರುತ್ತಾನೆ. ಎರಡನೆಯದರಲ್ಲಿ ಹಗ್ಗ ನಿಂತಿರುತ್ತದೆ. ಮೇಲಿನ ಕವಲು ದಾಟಿಸಿ ಬುಡಕ್ಕೆ ಕಟ್ಟಿದ ಒಂಟಿ ಹಗ್ಗದ ಮೇಲೆ, ಕಾಲಿಗೊಂದು ಮೊಣಕಾಲಿಗೊಂದು ಹಿಡಿಯುವ ಸಲಕರಣೆ ಕಟ್ಟಿಕೊಂಡು, ಮೆಟ್ಟಿಲು ಏರಿದಂತೆ ಏರುವುದು.

ಚಲಿಸುವ ಹಗ್ಗಕ್ಕೆ ಕವಲಿನ ಎತ್ತರದ ಎರಡು ಪಟ್ಟು, ಮೇಲೆ 5 ಮೀಟರ್ ಬೇಕು. 15 ಮೀಟರಿಗೆ 35 ಮೀಟರ್, 20 ಮೀಟರಿಗೆ 45 ಮೀಟರ್. ನಿಂತ ಹಗ್ಗದಲ್ಲಿ ಮೇಲೆ 15, ಕೆಳಗೆ 15. ಮೇಲಿದ್ದವನಿಗೆ ಪ್ರಜ್ಞೆ ತಪ್ಪಿದರೆ ಬುಡದಿಂದಲೇ ಹಗ್ಗ ಬಿಟ್ಟು ಇಳಿಸಲು ಇನ್ನೊಂದು 15. ಒಟ್ಟು 45, ಗಂಟಿಗೆ, ಬುಡದ ಸುತ್ತಿಗೆ ಸೇರಿ 50. ಕೊಳ್ಳುವಾಗ 60ರ ಸುರುಳಿಯನ್ನೇ ಕೊಳ್ಳಬೇಕು. ಈ ನಾಲ್ಕು ತಾಲೂಕಿಗೆ ಚಲಿಸುವ ಪದ್ಧತಿಯ 45 ಮೀಟರ್ ಧಾರಾಳ. ತೂಕ ಸುಮಾರು ಮೂರೂವರೆ ಕಿಲೋ. ಬೈಕಿನ ಹಿಂದೆ ಚೀಲದಲ್ಲಿ ಹೋಗುತ್ತದೆ.

ಶ್ರಮದ ಲೆಕ್ಕ ನೋಡಿ. ಆಳು 65 ಕಿಲೋ, ಸಲಕರಣೆ ಗರಗಸ ಸೇರಿ 10 ಕಿಲೋ, ಒಟ್ಟು 75. ಚಲಿಸುವ ಹಗ್ಗದಲ್ಲಿ ಭಾರ ಎರಡು ಎಳೆಗೆ ಹಂಚಿಹೋಗುವುದರಿಂದ ಕೈಗೆ ಬೀಳುವುದು ಅರ್ಧ, 37.5 ಕಿಲೋ. ಬದಲಿಗೆ 12 ಮೀಟರ್ ಏರಲು 24 ಮೀಟರ್ ಹಗ್ಗ ಜಗ್ಗಬೇಕು. ಒಂದು ಜಗ್ಗಿಗೆ ಅರ್ಧ ಮೀಟರ್ ಎಂದರೆ 48 ಜಗ್ಗು. ಇದು ಘರ್ಷಣೆ ಇಲ್ಲದಾಗಿನ ಮಾತು. ಹಗ್ಗ ನೇರವಾಗಿ ಬೇವಿನ ತೊಗಟೆಯ ಮೇಲೆ ಹಾದರೆ ಜಗ್ಗುವ ಎಳೆಯಲ್ಲಿ ಬಿಗಿತ ಹೆಚ್ಚು, ಆಚೆ ಎಳೆಯಲ್ಲಿ ಕಡಿಮೆ. ಈಚೆಗಿನದು ಆಚೆಗಿನದರ ಎರಡು ಪಟ್ಟಾದರೆ ಕೈಗೆ 50 ಕಿಲೋ ಬೀಳುತ್ತದೆ, ಮೂರು ಪಟ್ಟಾದರೆ 56. ಒರಟು ತೊಗಟೆಯಲ್ಲಿ ಮೂರು ಪಟ್ಟು ಆಗಿಯೇ ಆಗುತ್ತದೆ. ಅದೇ ಕವಲಿಗೆ ಎರಡು ಉಂಗುರವಿರುವ ಪಟ್ಟಿಯೊಂದನ್ನು ಸುತ್ತಿ, ಉಂಗುರದೊಳಗಿಂದ ಹಗ್ಗ ಹಾಯಿಸಿದರೆ ಅದು 47ಕ್ಕೆ ಇಳಿಯುತ್ತದೆ; ಉಂಗುರದ ಬದಲು ಗಾಲಿ ಇದ್ದರೆ 40ರ ಒಳಗೆ. 56ಕ್ಕೂ 47ಕ್ಕೂ 9 ಕಿಲೋ ಅಂತರ, 48 ಜಗ್ಗಿಗೆ 432 ಕಿಲೋದಷ್ಟು ಎಳೆತ ಉಳಿಯಿತು, ಅದೂ ಒಂದೇ ಸಲ ಏರುವುದರಲ್ಲಿ. ಆ ಪಟ್ಟಿಗೆ ₹3,500. ಹಗ್ಗದ ಕವಚ ಸವೆಯುವುದೂ ತಪ್ಪುತ್ತದೆ, ಗಿಡದ ತೊಗಟೆ ಸುಲಿಯುವುದೂ ತಪ್ಪುತ್ತದೆ. ಇಡೀ ಪಟ್ಟಿಯಲ್ಲಿ ಇಷ್ಟು ಲಾಭ ಕೊಡುವ ಬೇರೆ ಸಾಮಾನು ನನಗೆ ಕಾಣುವುದಿಲ್ಲ. ಹೊಸಬರು ಮೊದಲು ಕೈಬಿಡುವುದೂ ಇದನ್ನೇ.

ನಿಂತ ಹಗ್ಗದಲ್ಲಿ ದುಡಿಯುವುದು ಕಾಲು. 12 ಮೀಟರಿಗೆ 12 ಮೀಟರ್ ಹಗ್ಗ, 35 ಸೆಂಟಿಮೀಟರಿನ ಹೆಜ್ಜೆಯಾದರೆ ಸುಮಾರು 34 ಹೆಜ್ಜೆ. ದಿನಕ್ಕೆ ಹತ್ತು ಎತ್ತರದ ಗಿಡ ಹತ್ತುವವನಿಗೆ ಇದು ವರವೇ. ಆದರೆ ಕವಲಿನ ಮೇಲೆ ಬೀಳುವ ಭಾರ ನೋಡಿ. ಚಲಿಸುವ ಪದ್ಧತಿಯಲ್ಲಿ ಕವಲು ಹೊರುವುದು ಆಳಿನ 75 ಕಿಲೋ ಅಷ್ಟೇ. ಹಗ್ಗ ಬುಡಕ್ಕೆ ಕಟ್ಟಿದಾಗ ಆಳಿನ ಕಡೆ 75, ಬುಡದ ಕಡೆಯ ಎಳೆತ ಇನ್ನೊಂದು 75, ಕವಲಿಗೆ 150ರವರೆಗೆ. ಏರುವಾಗಿನ ಕುಲುಕಾಟ ಅದನ್ನು ಇನ್ನೂ ಹೆಚ್ಚಿಸುತ್ತದೆ. ಹುಣಸೆ ತಡೆದೀತು. ಗುಲ್‌ಮೊಹರ್ ತಡೆಯುತ್ತದೆ ಎಂದು ನಂಬುವ ಹಾಗಿಲ್ಲ. ಒಳಗೆ ಪೊಳ್ಳಾದ ಮುದಿ ಬೇವನ್ನೂ ನಂಬುವ ಹಾಗಿಲ್ಲ. ಯಾವ ಕವಲು ನಂಬಬಹುದು ಎಂಬ ಕಣ್ಣು ಬರುವುದು ವರ್ಷಗಳ ಮೇಲೆ; ಆ ಕಣ್ಣು ಬರುವ ಮುನ್ನ ಕವಲಿನ ಮೇಲೆ ಎರಡು ಪಟ್ಟು ಭಾರ ಹಾಕುವ ಪದ್ಧತಿ ಕೈಗೆ ಕೊಡಬಾರದು. ಇನ್ನೊಂದು ಮಾತು: ಬುಡಕ್ಕೆ ಕಟ್ಟಿದ ಹಗ್ಗ ಆಡುಕುರಿ ತಿರುಗುವ, ಟ್ರ್ಯಾಕ್ಟರ್ ಹಾಯುವ, ಕೆಳಗೆ ಬಿದ್ದ ಟೊಂಗೆಯನ್ನು ಯಾರೋ ಕೊಡಲಿಯಿಂದ ಕೊಚ್ಚುವ ಜಾಗದಲ್ಲಿರುತ್ತದೆ. ಮೇಲಿದ್ದವನ ಜೀವದ ಹಗ್ಗ ಕೆಳಗಿದ್ದವರ ಕೊಡಲಿಗೆ ಮೊಳದ ದೂರದಲ್ಲಿ!

ಹಿಡಿಗಂಟಿನ ಇತಿಹಾಸ ಚಿಕ್ಕದಲ್ಲ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ ಗಂಟು ಇವತ್ತಿಗೂ ಅವನ ಹೆಸರಲ್ಲೇ ಇದೆ. ಗಿಡ ಹತ್ತುವವರು ಹೆಚ್ಚು ನೆಚ್ಚಿದ ಇನ್ನೊಂದು ಗಂಟನ್ನು ಜೇಸನ್ ಬ್ಲೇಕ್ 1994ರಲ್ಲಿ ಪ್ರಚಾರಕ್ಕೆ ತಂದ. ಹೈಂಜ್ ಪ್ರೊಹಾಸ್ಕಾ ಅದಕ್ಕೂ ಮೊದಲೇ ಅದನ್ನು ವಿವರಿಸಿದ್ದ. ಬ್ಲೇಕ್ ಗಂಟಿನಲ್ಲಿ ನಾಲ್ಕು ಸುತ್ತು; ಬಾಲವನ್ನು ಕೆಳಗಿನ ಎರಡು ಸುತ್ತುಗಳ ಅಡಿ ತೂರಿಸಿ, ಕೊನೆಗೊಂದು ಕಾವಲು ಗಂಟು ಹಾಕಬೇಕು. ಕಟ್ಟಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ: ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಬೇಕು. ಒಂದರ ಮೇಲೊಂದು ಏರಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಎತ್ತಿನ ಕೊರಳಿಗೆ ಕಣ್ಣಿ ಹಾಕಿ ಬೆಳೆದ ಹುಡುಗರಿಗೆ ಈ ಗಂಟು ಕಲಿಯುವುದು ಒಂದು ಸಂಜೆಯ ಕೆಲಸ. ಕಣ್ಣು ಮುಚ್ಚಿ ಕಟ್ಟುವ ಮಟ್ಟಕ್ಕೆ ಬರಲು ಮಾತ್ರ ತಿಂಗಳು ಬೇಕು.

ಗಂಟಿನ ವೈರಿ ಶಾಖ. 75 ಕಿಲೋ ಆಳು 12 ಮೀಟರ್ ಇಳಿದರೆ 8,800 ಜೌಲ್ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಹಗ್ಗ ಮತ್ತು ಗಂಟಿನಲ್ಲಿ ಬಿಸಿಯಾಗಿ ಇಳಿಯುತ್ತದೆ. ಒಂದು ಲೋಟ ನೀರನ್ನು 10 ಡಿಗ್ರಿ ಕಾಯಿಸುವಷ್ಟು ಶಾಖ ಅದು. ನೀರಿಗಾದರೆ ಏನೂ ಅಲ್ಲ, ಬೆರಳುದ್ದದ ಗಂಟಿನ ಒಳಮೈಗೆ ಬಹಳ. ನಿಧಾನ ಇಳಿದರೆ ಗಾಳಿಗೆ ಆರುತ್ತದೆ. ಜರ್ರನೆ ಇಳಿದರೆ ನೈಲಾನ್ ಮೈ ಕರಗಿ ಗಾಜಿನಂತೆ ಹೊಳಪು ಹಿಡಿಯುತ್ತದೆ. ಆ ಹೊಳಪು ಕಂಡ ಗಂಟಿನ ಹಗ್ಗವನ್ನು ಅಂದೇ ಕತ್ತರಿಸಿ ಬಿಸಾಡಬೇಕು. ಅರಾಮಿಡ್ ಕವಚದ ಗಂಟಿನ ಹಗ್ಗ ಕರಗುವುದಿಲ್ಲ, ಒಂದಕ್ಕೆ ₹1,200.

ಗಂಟಿನ ಬದಲು ಲೋಹದ ಯಂತ್ರವೂ ಉಂಟು. ಪೆಟ್ಜಲ್ ಕಂಪನಿಯ ಜಿಗ್‌ಜಾಗ್ ಅಂಥದ್ದು. ಗಂಟಿಗಿಂತ ನಯವಾಗಿ ಸಾಗುತ್ತದೆ, ಶಾಖಕ್ಕೆ ಹೆದರುವುದಿಲ್ಲ. ಆದರೆ ಅದಕ್ಕೆ ಹೇಳಿದ ದಪ್ಪದ ಹಗ್ಗವೇ ಆಗಬೇಕು, ಬಿಡಿಭಾಗ ಸವೆದರೆ ಸಿಂದಗಿಯಲ್ಲಿ ಸಿಗುವುದಿಲ್ಲ, ಸೊಲ್ಲಾಪುರದಲ್ಲೂ ಸಿಗುವುದಿಲ್ಲ. ಪುಣೆ, ಬೆಂಗಳೂರಿನಿಂದ ತರಿಸಬೇಕು.

ಈಗ ದುಡ್ಡು. ಚಲಿಸುವ ಹಗ್ಗ, ಹಿಡಿಗಂಟು, ಒಬ್ಬನ ಪೂರ್ತಿ ಸೆಟ್:

ಹಗ್ಗ 45 ಮೀಟರ್ ₹6,750. ಹಾರ್ನೆಸ್, ಹೊಟ್ಟೆಯ ಮುಂದೆ ಮತ್ತು ಎರಡೂ ಪಕ್ಕಕ್ಕೆ ಕೊಂಡಿ ಇರುವುದು, ₹9,000. ಕಾಂಡವನ್ನು ಬಳಸಿ ಹಾಕುವ ನಡುಹಗ್ಗ ₹3,500. ತಾನಾಗಿ ಬೀಗ ಬೀಳುವ ಕೊಂಡಿ ನಾಲ್ಕು, ಒಂದಕ್ಕೆ ₹1,500ರಂತೆ ₹6,000. ಗಂಟಿನ ಹಗ್ಗ ಎರಡು ₹2,400. ಗಂಟಿನ ಕೆಳಗಿನ ಸಣ್ಣ ಗಾಲಿ ₹2,000. ಉಂಗುರದ ಪಟ್ಟಿ ₹3,500. ಕವಲಿಗೆ ದಾರ ಎಸೆಯುವ ಗುಂಡುಚೀಲ, ದಾರ ಸೇರಿ ₹2,500. ಗದ್ದಪಟ್ಟಿ ಇರುವ ಹೆಲ್ಮೆಟ್ ₹3,000. ಕೈಗವಸು, ಕಣ್ಣಿನ ಕನ್ನಡಕ ₹1,000. ಒರೆ ಇರುವ ಕೈಗರಗಸ ₹2,000. ರಕ್ತ ಕಟ್ಟುವ ಪಟ್ಟಿಗಳ ಪೆಟ್ಟಿಗೆ ₹1,000. ಒಟ್ಟು ₹42,650.

ಗಂಟಿನ ಜಾಗದಲ್ಲಿ ಯಂತ್ರ ಹಾಕಿದರೆ ₹28,000 ಕೂಡುತ್ತದೆ, ಗಂಟಿನ ಹಗ್ಗ ಮತ್ತು ಗಾಲಿಯ ₹4,400 ಕಳೆಯುತ್ತದೆ, ಅದಕ್ಕೊಪ್ಪುವ ಹಗ್ಗಕ್ಕೆ ₹4,500 ಹೆಚ್ಚು ಬೀಳುತ್ತದೆ. ಒಟ್ಟು ₹70,750. ನಿಂತ ಹಗ್ಗದ ಪದ್ಧತಿಗೆ ಉಂಗುರದ ಪಟ್ಟಿ ಬೇಡ, ₹3,500 ಉಳಿತಾಯ. ಆದರೆ 15 ಮೀಟರ್ ಹೆಚ್ಚಿನ ಹಗ್ಗಕ್ಕೆ ₹2,250, ಗಂಟಿನ ಮೇಲೆ ಕೂತು ಭಾರ ಹಂಚಿಕೊಳ್ಳುವ ಸಲಕರಣೆಗೆ ₹14,000, ಪಾದದ ಹಿಡಿಗೆ ₹5,000, ಮೊಣಕಾಲ ಹಿಡಿಗೆ ₹9,000, ಬುಡದಿಂದ ಇಳಿಸುವ ಸಾಧನಕ್ಕೆ ₹8,000. ಒಟ್ಟು ₹77,400.

ಸಾಮಾನ್ಯವಾಗಿ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ: 42, 70, 77 ಸಾವಿರ, ಜೇಬು ನೋಡಿ ಆರಿಸಿ ಎಂದು. ಇಲ್ಲಿಗೆ ನಿಲ್ಲಿಸುವುದು ತಪ್ಪು ಎಂದೇ ನಾನು ಈ ಲೆಕ್ಕಕ್ಕೆ ಕೂತದ್ದು. ಗಿಡ ಹತ್ತುವ ಸೆಟ್ಟನ್ನು ಒಬ್ಬನಿಗೆಂದು ಕೊಳ್ಳುವಂತಿಲ್ಲ. ಮೇಲೆ ಹೋದವನ ಕೈಗೆ ಗರಗಸ ತಗುಲಿತು, ಜೇನು ಎದ್ದಿತು, ಬಿಸಿಲಿಗೆ ತಲೆ ತಿರುಗಿತು ಎಂದಿಟ್ಟುಕೊಳ್ಳಿ. ಹಾರ್ನೆಸ್ಸಿನಲ್ಲಿ ಅಲುಗಾಡದೆ ಜೋತುಬಿದ್ದವನ ಕಾಲಲ್ಲಿ ರಕ್ತ ನಿಂತು ನಿಮಿಷಗಳಲ್ಲೇ ಜೀವಕ್ಕೆ ಕುತ್ತಾಗಬಹುದು. ನೆರವು ವಿಜಯಪುರದಿಂದ ಬರಬೇಕೆಂದರೆ, ಅಲ್ಲಿಂದ ಬಸವನ ಬಾಗೇವಾಡಿ ಸುಮಾರು 43 ಕಿ.ಮೀ., ಇಂಡಿ 55, ಸಿಂದಗಿ 60, ಮುದ್ದೇಬಿಹಾಳ 80. ಗಂಟೆಗೆ 50 ಕಿ.ಮೀ. ಹಿಡಿದರೂ 52 ನಿಮಿಷದಿಂದ 96 ನಿಮಿಷದ ದಾರಿ. 108 ಆಂಬುಲೆನ್ಸ್ ಹತ್ತಿರದ ತಾಲೂಕು ಕೇಂದ್ರದಿಂದಲೇ ಬರಲಿ. ಅದರಲ್ಲಿ ಬಂದವರು ಗಿಡ ಹತ್ತುವುದಿಲ್ಲ. ಕೆಳಗೆ ನಿಂತ ಜೊತೆಗಾರ, ತನ್ನದೇ ಹಗ್ಗ ಹಾಕಿ ಐದು-ಹತ್ತು ನಿಮಿಷದಲ್ಲಿ ಅವನ ಪಕ್ಕಕ್ಕೆ ಹೋಗಿ ಇಳಿಸಿಕೊಂಡು ಬರಬೇಕು. ಬೇರೆ ದಾರಿ ಇಲ್ಲ.

ಜೊತೆಗಾರನಿಗೆ ಎಲ್ಲವೂ ಎರಡನೇ ಸಲ ಬೇಕಿಲ್ಲ. ಹಗ್ಗ ₹6,750, ಹಾರ್ನೆಸ್ ₹9,000, ನಡುಹಗ್ಗ ₹3,500, ಕೊಂಡಿ ₹6,000, ಗಂಟಿನ ಹಗ್ಗ ಒಂದು ₹1,200, ಗಾಲಿ ₹2,000, ಹೆಲ್ಮೆಟ್ ₹3,000, ಕೈಗವಸು-ಕನ್ನಡಕ ₹1,000. ಒಟ್ಟು ₹32,450. ಮೊದಲ ಸೆಟ್ಟಿಗೆ ಕೂಡಿಸಿ: ₹75,100. ಒಬ್ಬನ ನಿಂತ-ಹಗ್ಗದ ಸೆಟ್ಟಿಗಿಂತ ₹2,300 ಕಡಿಮೆಗೆ ಇಬ್ಬರು ಸಜ್ಜಾದರು. ಯಂತ್ರದ ಸೆಟ್ಟಿಗಿಂತ ₹4,350 ಮಾತ್ರ ಹೆಚ್ಚು. ಇವೆರಡರಲ್ಲೂ ಕೆಳಗೆ ನಿಂತವನು ಬರಿಗೈಲಿ ಮೇಲೆ ನೋಡುತ್ತ ಕೂಗುವವನೇ. ಹತ್ತುವವನಿಗೇ ಎರಡು ಹಗ್ಗ ಬೇಕೆನ್ನುವ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ 2020ರ ಹೊತ್ತಿಗೆ ಗಿಡ ಹತ್ತುವವನು ಸಾಮಾನ್ಯವಾಗಿ ಎರಡು ಬೇರೆ ಬೇರೆ ಹಗ್ಗಕ್ಕೆ ಕಟ್ಟಿಕೊಂಡಿರಬೇಕು ಎಂಬ ಪದ್ಧತಿ ಜಾರಿಗೆ ಬಂತು. ಅಪಾಯದ ಕವಲಿನಲ್ಲಿ ನಮ್ಮವರೂ ಹಾಗೆ ಮಾಡಬೇಕೆಂದರೆ ಮೂರನೇ ಹಗ್ಗಕ್ಕೆ ₹6,750 ಇಡಬೇಕು. ಜೊತೆಗಾರನ ಹಗ್ಗ ಕಿತ್ತು ಹಾಕಬಾರದು. ಅಷ್ಟು ಸಾಧ್ಯವಾಗುವವರೆಗೆ ಗರಗಸ ಹಿಡಿದಾಗಲೆಲ್ಲ ಮುಖ್ಯ ಹಗ್ಗದ ಜೊತೆ ನಡುಹಗ್ಗವೂ ಗಿಡಕ್ಕೆ ಸುತ್ತಿರಲೇಬೇಕು.

ಹಳೆಯ ಕಡಿತಗಾರರು ಇದನ್ನೆಲ್ಲ ಕೇಳಿದರೆ ಹೇಳುವ ಮಾತು ಒಂದೇ: “ಸೊಂಟಕ್ಕೊಂದು ಹಗ್ಗ ಇದ್ರ ಸಾಕ್ ಬಿಡೋ ತಮ್ಮಾ, ನಾವೇನ್ ಸತ್ತೀವೇನು?” ಅವರ ಕೈ-ಕಾಲಿನ ಹಿಡಿತದ ಬಗ್ಗೆ ನನಗೆ ಗೌರವವಿದೆ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಸೊಂಟದ ಹಗ್ಗದ ಮೇಲೆ ಒಂದೇ ಮೀಟರ್ ಬಿದ್ದು, 20 ಸೆಂಟಿಮೀಟರಿನಲ್ಲಿ ನಿಂತರೆ, 75 ಕಿಲೋ ಆಳಿನ ನಡುವಿಗೆ ಸರಾಸರಿ 450 ಕಿಲೋ ಪೆಟ್ಟು. ಹಗ್ಗ ಹರಿಯುವುದಿಲ್ಲ ಕಾಕಾ, ಒಳಗಿನ ಪಕ್ಕೆಲುಬು, ಬೆನ್ನು ನಿಲ್ಲುವುದಿಲ್ಲ. ಹಗ್ಗವೇ ಇಲ್ಲದೆ 6 ಮೀಟರಿನಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 39 ಕಿ.ಮೀ. ವೇಗದಲ್ಲಿರುತ್ತಾನೆ, 12 ಮೀಟರಿನಿಂದಾದರೆ 55.

₹75,100 ಒಮ್ಮೆಗೆ ದೊಡ್ಡ ಮೊತ್ತ. ದಿನಕ್ಕೆ ಇಳಿಸಿ ನೋಡಬೇಕು. ವರ್ಷಕ್ಕೆ 120 ದಿನ ಕೆಲಸ ಎಂದು ಹಿಡಿಯಿರಿ: ಹುಣಸೆ ಇಳಿಸುವ ಸುಗ್ಗಿ, ಮುಂಗಾರಿಗೆ ಮುಂಚಿನ ತಂತಿ ಸವರುವಿಕೆ, ಬಿರುಗಾಳಿಗೆ ಮುರಿದ ಟೊಂಗೆ, ಶಾಲೆ-ಗುಡಿಗಳ ಕೆಲಸ. ಎರಡು ಹಗ್ಗ ಎರಡು ವರ್ಷ ಬಾಳಿದರೆ ವರ್ಷಕ್ಕೆ ₹6,750. ಗಂಟಿನ ಹಗ್ಗ ಹತ್ತುವವನಿಗೆ ವರ್ಷಕ್ಕೆ ಮೂರು, ಜೊತೆಗಾರನಿಗೆ ಅರ್ಧ: ₹4,200. ಹಾರ್ನೆಸ್ ಐದು ವರ್ಷ: ₹3,600. ನಡುಹಗ್ಗ ಮೂರು ವರ್ಷ: ₹2,330. ಕೊಂಡಿ, ಗಾಲಿ, ಉಂಗುರದ ಪಟ್ಟಿ ಎಂಟು ವರ್ಷ: ₹2,440. ಹೆಲ್ಮೆಟ್ ಐದು ವರ್ಷ: ₹1,200. ಉಳಿದ ಸಣ್ಣಪುಟ್ಟದ್ದು ಎರಡು ವರ್ಷ: ₹3,750. ವರ್ಷಕ್ಕೆ ₹24,270, ದಿನಕ್ಕೆ ₹202. ದಿನಕ್ಕೆ ಎರಡು ಗಿಡ ಸವರಿದರೆ ಗಿಡಕ್ಕೆ ನೂರು ರೂಪಾಯಿ. ಗಿಡದ ಧಣಿಗೆ ಕೂಲಿಯ ಜೊತೆ ಈ ನೂರನ್ನು ಬೇರೆಯಾಗಿ ಬರೆದು ತೋರಿಸಬೇಕು. ಕೂಲಿಯೊಳಗೆ ಮುಚ್ಚಿಟ್ಟರೆ ಹಗ್ಗ ಬದಲಿಸುವ ಹೊತ್ತಿಗೆ ದುಡ್ಡಿರುವುದಿಲ್ಲ.

ಮುದ್ರಾ ಯೋಜನೆಯ ‘ಶಿಶು’ ಸಾಲದ ಮಿತಿ ₹50,000. ಇಬ್ಬರ ಸೆಟ್ ಅದನ್ನು ಮೀರುತ್ತದೆ, ‘ಕಿಶೋರ’ ವರ್ಗಕ್ಕೆ ಹೋಗಬೇಕು. ನೂರಕ್ಕೆ 12ರ ಬಡ್ಡಿಯಲ್ಲಿ 24 ತಿಂಗಳಿಗೆ ಪೂರ್ತಿ ₹75,100 ಎತ್ತಿದರೆ ಕಂತು ಸುಮಾರು ₹3,535. ಇಬ್ಬರಿಗೆ ಹಂಚಿದರೆ ತಲಾ ₹1,770ರ ಒಳಗೆ. ಬ್ಯಾಂಕಿಗೆ ಹೋದ ದಿನವೇ ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೂ ಸಹಿ ಹಾಕಿ ಬನ್ನಿ. ವರ್ಷಕ್ಕೆ ₹20, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ ₹2 ಲಕ್ಷ. ಈ ಲೇಖನದ ಅತಿ ಸಣ್ಣ ಮೊತ್ತ ಆ ₹20, ಅತಿ ಹೆಚ್ಚು ಜನ ಮರೆಯುವುದೂ ಇದನ್ನೇ.

ಮರ ಹತ್ತುವವರ ಬಗ್ಗೆ ಸರ್ಕಾರಗಳು ಯೋಚಿಸಿಯೇ ಇಲ್ಲ ಎನ್ನುವಂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗು ಹತ್ತುವವರಿಗೆ ತರಬೇತಿ, ಹತ್ತುವ ಯಂತ್ರ ಕೊಡುತ್ತಿದೆ, ವಿಮೆಯನ್ನೂ ಮಾಡಿಸುತ್ತಿದೆ. ತೆಲಂಗಾಣ 2024ರ ಜುಲೈನಲ್ಲಿ ಶೇಂದಿ ಇಳಿಸುವವರಿಗೆ ‘ಕಾಟಮಯ್ಯ ರಕ್ಷಾ ಕವಚ’ದ ಹೆಸರಿನಲ್ಲಿ ಸುರಕ್ಷಾ ಸಾಮಗ್ರಿ ಹಂಚತೊಡಗಿತು. ಎರಡೂ ಒಂಟಿ ಕಾಂಡದ ಮರಗಳಿಗೆ ತಕ್ಕವು. ಕವಲೊಡೆದ ಬೇವು ಹತ್ತುವವನನ್ನು ಯಾವ ಯೋಜನೆಯೂ ಕಣ್ಣಲ್ಲಿಟ್ಟು ಮಾಡಿದಂತಿಲ್ಲ. ಬಯಲುಸೀಮೆಗೆ ಬೇಕಾದ್ದು ಅದು. ತಾಲೂಕಿಗೆ ಹತ್ತು ಜೋಡಿಯಂತೆ ನಾಲ್ಕು ತಾಲೂಕಿಗೆ 40 ಜೋಡಿ ಸಜ್ಜುಗೊಳಿಸಲು ಸಲಕರಣೆಗೆ ₹30,04,000 ಸಾಕು.

ಬೂಟಿಗೆ ಮೊಳೆಗಾಲು ಕಟ್ಟಿಕೊಂಡು ಹತ್ತುವುದು ಸುಲಭ, ಬದುಕುವ ಗಿಡಕ್ಕೆ ಮಾತ್ರ ಬೇಡ. ಪ್ರತಿ ಹೆಜ್ಜೆಗೆ ತೊಗಟೆಯಲ್ಲೊಂದು ತೂತು, ಅದರೊಳಗೆ ಹುಳ. ಪೂರ್ತಿ ಉರುಳಿಸುವ ಗಿಡಕ್ಕಾದರೆ ಸರಿ. ಉರುಳಿಸುವುದಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

ಟೊಂಗೆಯ ತೂಕವನ್ನು ಎಲ್ಲರೂ ಕಡಿಮೆ ಎಣಿಸುತ್ತಾರೆ. 10 ಸೆಂಟಿಮೀಟರ್ ದಪ್ಪ, 2 ಮೀಟರ್ ಉದ್ದದ ಹಸಿ ಬೇವಿನ ಟೊಂಗೆ ಸುಮಾರು 14 ಕಿಲೋ. ದಪ್ಪ ಎರಡು ಪಟ್ಟಾಗಿ 20 ಸೆಂಟಿಮೀಟರ್, ಉದ್ದ 3 ಮೀಟರ್ ಆಯಿತೋ, ತೂಕ 85 ಕಿಲೋ, ಕಡಿಯುವವನಿಗಿಂತ ಹೆಚ್ಚು. ಮೊದಲ ವರ್ಷ 10 ಸೆಂಟಿಮೀಟರ್ ದಾಟಬಾರದು ಎನ್ನುವುದು ನನ್ನ ಸಲಹೆ. ಕಡಿದ ಟೊಂಗೆ ಕಟ್ಟಿ ಇಳಿಸಲು ಬಜಾರಿನ ₹700ರ ಹಗ್ಗ ಧಾರಾಳವಾಗಿ ಆದೀತು, ಅದರ ಜಾಗ ಅದೇ. ಜೀವದ ಹಗ್ಗವನ್ನು ಟೊಂಗೆಗೆ ಕಟ್ಟಬೇಡಿ. ಕಡಿಯುವಾಗ ಮೊದಲು ಕಾಂಡದಿಂದ ಮೊಳ ದೂರದಲ್ಲಿ ಕೆಳಗಿನಿಂದ ಗಾಯ ಮಾಡಿ, ತುಸು ಆಚೆ ಮೇಲಿನಿಂದ ಕಡಿದು ಭಾರ ಇಳಿಸಿ, ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಸರಿಯಾಗಿ ತೆಗೆಯಬೇಕು. ಹೀಗೆ ಮಾಡಿದರೆ ತೊಗಟೆ ಸೀಳದೆ ಗಾಯ ತಾನೇ ಕೂಡುತ್ತದೆ.

ತಂತಿ ಹತ್ತಿರದ ಗಿಡ ಕಲಿಯುವವನದಲ್ಲ. ಹೆಸ್ಕಾಂನ ಜಂಗಲ್ ಕಟಿಂಗ್ ಕೆಲಸಕ್ಕೆ ಕರೆದರೂ ಲೈನ್‌ಮನ್ ಎಲ್.ಸಿ. (ಲೈನ್ ಕ್ಲಿಯರ್) ಪಡೆದು, ತಂತಿಗೆ ಭೂಸಂಪರ್ಕ ಕೊಟ್ಟು, ಎದುರಿಗೆ ನಿಂತು “ಹತ್ತು” ಎನ್ನುವವರೆಗೆ ನೆಲ ಬಿಡಬಾರದು. 11 ಸಾವಿರ ವೋಲ್ಟ್ ತಂತಿಯಿಂದ 3 ಮೀಟರ್ ಒಳಗೆ ಆಳೂ ಹೋಗಬಾರದು, ಟೊಂಗೆಯೂ ಬಾಗಬಾರದು, ಗರಗಸದ ಹಿಡಿಯೂ ಚಾಚಬಾರದು. ಹಸಿ ಟೊಂಗೆಯಲ್ಲೂ ವಿದ್ಯುತ್ ಹರಿಯುತ್ತದೆ. ಹಗ್ಗ ಎಷ್ಟು ಬೆಲೆಯದಾದರೂ ಇಲ್ಲಿ ಕಾಯುವುದಿಲ್ಲ.

ಕಲಿಕೆಗೆ ಮೊದಲ 20 ತಾಸು ಆಳೆತ್ತರ ದಾಟಬೇಡಿ. ಅಡ್ಡ ಟೊಂಗೆಗೆ ಹಗ್ಗ ಹಾಕಿ, ಪಾದ ನೆಲದಿಂದ ಮೀಟರ್ ಮೇಲಿದ್ದಂತೆ ಗಂಟು ಕಟ್ಟುವುದು, ಏರುವುದು, ನಿಲ್ಲುವುದು, ಇಳಿಯುವುದು. ಆಮೇಲಿನ 10 ತಾಸು ಬರೀ ಜೊತೆಗಾರನನ್ನು ಇಳಿಸುವ ಅಭ್ಯಾಸ, ಇಬ್ಬರೂ ಸರದಿಯಂತೆ. ಇದಕ್ಕೆ ಹುಣಸೆ ಗಿಡ ಒಳ್ಳೆಯದು, ನುಗ್ಗೆಯನ್ನಂತೂ ಮುಟ್ಟಲೇಬೇಡಿ.

ಹಗ್ಗಕ್ಕೊಂದು ಪುಟ್ಟ ವಹಿ ಇಡಿ: ಕೊಂಡ ದಿನ, ಹತ್ತಿದ ಗಿಡ, ಕಂಡ ಗಾಯ. ಪ್ರತಿ ಬೆಳಿಗ್ಗೆ 45 ಮೀಟರನ್ನೂ ಬೆರಳ ನಡುವೆ ಎಳೆದು ನೋಡಲು ಐದು ನಿಮಿಷ ಸಾಕು. ಒಳಗೆ ಮೆತ್ತಗಾದ ಜಾಗ, ಗಟ್ಟಿಯಾದ ಗಡ್ಡೆ, ಬಿಳಿ ತಿರುಳು ಇಣುಕುವ ಕವಚ, ಹೊಳಪು ಹಿಡಿದ ಮೈ, ಇದರಲ್ಲಿ ಒಂದು ಕಂಡರೂ ಆ ಹಗ್ಗದ ಕೆಲಸ ಮುಗಿಯಿತು. ಬ್ಯಾಟರಿಯ ಆಸಿಡ್ ತಾಗಿದ ಅನುಮಾನವಿದ್ದರೆ ಗಾಯ ಕಾಣದಿದ್ದರೂ ಮುಗಿಯಿತು. ಹಾಗೇ ಸುತ್ತಿ ಮೂಲೆಗಿಟ್ಟರೆ ಮುಂದಿನ ವರ್ಷ ಗಡಿಬಿಡಿಯಲ್ಲಿ ಯಾರೋ ಅದನ್ನೇ ಹೊತ್ತು ಗಿಡಕ್ಕೆ ಹೋಗುತ್ತಾರೆ. ಅಂದೇ ಒಂದೂವರೆ ಮೀಟರಿನಂತೆ ಕತ್ತರಿಸಿಬಿಡಿ, ದನಕ್ಕೆ 30 ಕಣ್ಣಿಯಾಗುತ್ತವೆ.